ಹೆಸರಿದ್ದ ಹಾಳೆ

ದೋಹಾದ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟುಗಳಲ್ಲಿ ಬೀಗ ಹಾಕಿದ ಕಬ್ಬಿಣದ ಕಪಾಟು ಕಂಡರೆ ಒಳಗೆ ಬಂಗಾರ ಉಂಟು ಎಂದೇ ತಿಳಿಯಬೇಕು. ಕಜೆತಾನನ ಕಪಾಟಿನಲ್ಲಿ ಇದ್ದದ್ದು ಮೂವತ್ತೇಳು ಹಳೆಯ ಪುಸ್ತಕಗಳು. ಹೆಂಡತಿ ಸಿಸಿಲಿಯಾಳ ಬಂಗಾರ ಕುಚ್ಚಲಕ್ಕಿ ಡಬ್ಬದ ತಳದಲ್ಲಿತ್ತು. ಇಷ್ಟು ಹೇಳಿದರೆ ಆ ಮನೆಯ ಸಂಗತಿ ಅರ್ಧ ಹೇಳಿದ ಹಾಗಾಯಿತು.

ಕಜೆತಾನ್ ಶಿರ್ವದವ. ದೋಹಾದ ಒಂದು ತೈಲ ಕಂಟ್ರಾಕ್ಟ್ ಕಂಪೆನಿಯಲ್ಲಿ ನಕಾಶೆ, ಕಾಗದಪತ್ರಗಳಿಗೆ ನಂಬರು ಹಾಕಿ ಜೋಡಿಸಿಡುವ ಕೆಲಸ. ಹನ್ನೊಂದು ವರ್ಷದ ಹಿಂದೆ ಅವನ ಮೇಲಧಿಕಾರಿಯಾಗಿದ್ದ ಕೆನಡಾದ ಇಂಜಿನಿಯರೊಬ್ಬ ಊರಿಗೆ ಹೊರಟಾಗ ಆಫೀಸಿನ ಒಬ್ಬನಿಗೆ ಫ್ರಿಜ್ಜು, ಇನ್ನೊಬ್ಬನಿಗೆ ಸೋಫಾ ಕೊಟ್ಟು ಇವನಿಗೆ ಒಂದು ಪುಸ್ತಕ ಕೊಟ್ಟ. ಕೆನಡಾದ ಕಾಡು, ಸರೋವರಗಳ ಮೂಲನಿವಾಸಿಗಳಾದ ಆಲ್ಗಾಂಕ್ವಿನ್ ಮತ್ತು ಒಜಿಬ್ವೇ ಜನರ ಕತೆಗಳು. ನೂರು ವರ್ಷದ ಹಿಂದೆ ಅಚ್ಚಾದದ್ದು. ಬಣ್ಣದ ಚಿತ್ರಗಳು, ಒಂದೊಂದು ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಹೊದಿಕೆ.

"ನಿಮಗೆ ಫ್ರಿಜ್ಜು ಕೇಳ್ಲಿಕ್ಕೆ ಎಂತ ಆಗಿತ್ತು?" ಎಂದು ಸಿಸಿಲಿಯಾ ಅವತ್ತೇ ಕೇಳಿದ್ದಳು. ಹನ್ನೊಂದು ವರ್ಷದಿಂದ ಕೇಳುತ್ತಲೇ ಇದ್ದಳು.

ಫ್ರಿಜ್ಜು ಬಂದಿದ್ದರೆ ಎರಡು ವರ್ಷದಲ್ಲಿ ಕೆಟ್ಟು ಮೂಲೆ ಸೇರುತ್ತಿತ್ತು. ಪುಸ್ತಕ ಮರಿ ಹಾಕಿತು. ಕಜೆತಾನ್ ಕೆನಡಾ, ಅಮೆರಿಕದ ಹಳೆ ಪುಸ್ತಕದ ವ್ಯಾಪಾರಿಗಳಿಗೆ ಆಫೀಸಿನ ಟೈಪ್‌ರೈಟರಿನಲ್ಲಿ ಕಾಗದ ಬರೆದ. ಅವರ ಪಟ್ಟಿಗಳು ಬಂದವು, ಪಟ್ಟಿಯ ಹಿಂದೆ ಪಾರ್ಸೆಲ್ಲುಗಳು ಬಂದವು. ಸಿಸಿಲಿಯಾ ಕ್ಲಿನಿಕ್ಕಿನಲ್ಲಿ ನರ್ಸು. ಅವಳು ತಂದಿಟ್ಟ ತೆಳು ಕೈಗವಸು ಹಾಕಿಕೊಂಡು ಅವನು ಪುಟ ತಿರುವುತ್ತಿದ್ದ. ಮಗಳನ್ನು ಮೊದಲ ಸಲ ಎತ್ತಿಕೊಳ್ಳುವಾಗ ಕೂಡ ಇಷ್ಟು ಜಾಗ್ರತೆ ಮಾಡಿರಲಿಲ್ಲ ಎಂದು ಸಿಸಿಲಿಯಾ ಹೇಳುವುದಿತ್ತು. ಅದು ತಮಾಷೆ ಎಂದು ಆಗ ಎಲ್ಲರೂ ನಗುತ್ತಿದ್ದರು.

ಆ ಇಂಜಿನಿಯರ್ ಹೊರಡುವ ಮುಂಚೆ ಒಂದು ಮಾತು ಹೇಳಿದ್ದ. ಆ ಜನ ಈ ಕತೆಗಳನ್ನು ಚಳಿಗಾಲದಲ್ಲಿ, ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದಂತೆ. ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲವಂತೆ. ದೋಹಾದಲ್ಲಿ ಹಿಮ ಎಲ್ಲಿಂದ ತರುವುದು? ಕಜೆತಾನ್ ಯೋಚಿಸಿ ಒಂದು ನಿಯಮ ಮಾಡಿದ. ಮನೆಯ ಏಸಿ ಯಾವತ್ತು ಬಂದ್ ಆಗುತ್ತದೋ ಅವತ್ತಿನಿಂದ ಕತೆ. ಮತ್ತೆ ಯಾವತ್ತು ಹಾಕಬೇಕಾಗುತ್ತದೋ ಅವತ್ತಿಗೆ ಖಲಾಸ್. ಡಿಸೆಂಬರಿನ ನಡುವಿನಿಂದ ಫೆಬ್ರವರಿಯವರೆಗೆ, ಸಂಜೆ ಜಪಮಾಲೆ ಹಿಡಿದು ಹೇಳುವ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ, ಅವನು ಒಂದು ಪುಸ್ತಕ ತೆರೆದು ಚಿತ್ರ ತೋರಿಸಿ ಮಗಳು ಮೈರಾಳಿಗೆ ಕೊಂಕಣಿಯಲ್ಲಿ ಕತೆ ಹೇಳುತ್ತಿದ್ದ.

ಮೈರಾಳಿಗೆ ಏಳು ವರ್ಷವಾದಾಗ ಒಂದು ರಜೆಯಲ್ಲಿ ಶಿರ್ವಕ್ಕೆ ಹೋಗಿದ್ದಳು. ಕಜೆತಾನನ ತಾಯಿ ಅಪೊಲಿನ್ ಬಾಯಿ ಅವಳಿಗೆ ಕನ್ನಡ ಅಕ್ಷರ ಕಲಿಸಿದರು. ದೋಹಾದ ಇಂಗ್ಲಿಷ್ ಶಾಲೆಯಲ್ಲಿ ಆ ಅಕ್ಷರಕ್ಕೆ ಕೆಲಸವಿರಲಿಲ್ಲ. ಅದಕ್ಕೆ ಅವಳೇ ಕೆಲಸ ಹುಡುಕಿಕೊಂಡಳು. ನಜ್ಮಾ ಪೇಟೆಯ ಅಂಗಡಿಯಿಂದ ದಪ್ಪ ರಟ್ಟಿನ ರಿಜಿಸ್ಟರ್ ಪುಸ್ತಕ ತರಿಸಿ, ಪಪ್ಪಾ ಹೇಳಿದ ಕತೆಗಳನ್ನು ಕನ್ನಡ ಅಕ್ಷರದಲ್ಲಿ, ಕೊಂಕಣಿ ಭಾಷೆಯಲ್ಲಿ ಬರೆಯತೊಡಗಿದಳು. ಪಕ್ಕದಲ್ಲಿ ತನ್ನದೇ ಚಿತ್ರ. ಉಪಾಯದ ಮೊಲ ಬಾತುಕೋಳಿಗಳಿಗೆ 'ಕಣ್ಣು ಮುಚ್ಚಿ ಕುಣಿಯಿರಿ' ಎಂದು ಹಾಡು ಹೇಳಿ ಒಂದೊಂದರದೇ ಕುತ್ತಿಗೆ ಮುರಿಯುವ ಕತೆಯಲ್ಲಿ ಬಾತುಕೋಳಿಗಳು ಕುಣಿಯುವುದು ದೋಹಾದ ಕಡಲತೀರದಲ್ಲಿ. ಹಿಂದೆ ಮರದ ದೋಣಿಗಳು. ಎಂಟು ಚಳಿಗಾಲದಲ್ಲಿ ಪುಸ್ತಕ ಮುಕ್ಕಾಲು ತುಂಬಿತು. ಮೊದಲ ಹಾಳೆಯಲ್ಲಿ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: 'ಮೈರಾ ಬರೆದದ್ದು. ಅಕ್ಷರ ಕಲಿಸಿದ್ದು ಮಾಂಯ್.' ತಾಯಿಗೆ ಅವರು ಹೇಳುವ ಮಾತು ಮಾಂಯ್. ಅಪೊಲಿನ್ ಬಾಯಿ ಆ ಮನೆಯಲ್ಲಿ ಮಗನಿಗೂ ಸೊಸೆಗೂ ಮೊಮ್ಮಗಳಿಗೂ ಮಾಂಯ್.

ಇನ್ನು ಥಿಯೋಡೋರನ ವಿಷಯ. ಅವನು ಒಂಟೇರಿಯೊದ ಒಬ್ಬ ಮುದಿ ಪುಸ್ತಕ ವ್ಯಾಪಾರಿ. ಆರು ವರ್ಷದಿಂದ ಇಬ್ಬರಿಗೂ ಕಾಗದದ ಸ್ನೇಹ. ಅವನ ಹತ್ತಿರ ಒಂದು ಪುಸ್ತಕವಿತ್ತು. ರಟ್ಟಿನ ಬದಲು ಬರ್ಚ್ ಮರದ ಬಿಳಿ ತೊಗಟೆ ಹೊದಿಸಿದ್ದು, ಒಳಗಿನ ಚಿತ್ರಗಳಿಗೆ ಕೈಯಲ್ಲೇ ಬಣ್ಣ ತುಂಬಿದ್ದು, ಪ್ರಪಂಚದಲ್ಲಿ ಹತ್ತೋ ಹನ್ನೆರಡೋ ಉಳಿದಿರುವಂಥದ್ದು. ಅದರ ಬೆಲೆ ಕಜೆತಾನನ ಕೈಗೆಟಕುವ ಮಾತಲ್ಲ. ಒಮ್ಮೆ ಕಜೆತಾನ್ ಸುಮ್ಮನೆ, ಮೈರಾಳ ಬಾತುಕೋಳಿಯ ಪುಟವನ್ನು ಆಫೀಸಿನಲ್ಲಿ ಬಣ್ಣದ ಝೆರಾಕ್ಸ್ ಮಾಡಿಸಿ ಕಳಿಸಿದ. 'ನಿಮ್ಮ ಕಡೆಯ ಕತೆಗಳು ಎಲ್ಲಿವರೆಗೆ ಬಂದಿವೆ ನೋಡಿ' ಎಂದು ಬರೆದ. ಯಾರು ಬರೆದದ್ದೆಂದು ತಿಳಿಸಲಿಲ್ಲ. ಉತ್ತರ ಬಂತು: 'ಇಂಥದ್ದನ್ನು ನಾನು ಕಂಡಿಲ್ಲ. ಇಡೀ ಪುಸ್ತಕ ನನಗೆ ಒದಗಿಸಿದರೆ ತೊಗಟೆಯ ಪುಸ್ತಕ ನಿಮ್ಮದು.'

ಕಜೆತಾನ್ ನಾಲ್ಕು ತಿಂಗಳು ಯೋಚಿಸಿದ ಎಂದು ಅವನ ಪರವಾಗಿ ಹೇಳಬಹುದು. ಆ ನಾಲ್ಕು ತಿಂಗಳಲ್ಲಿ ಮಗಳನ್ನು ಒಂದು ಮಾತು ಕೇಳಬಹುದಿತ್ತು ಎಂದು ಅವನ ವಿರುದ್ಧವೂ ಹೇಳಲೇಬೇಕು. ಈ ವರ್ಷ ಅವಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆ, ಪುಸ್ತಕದ ನೆನಪೇ ಆಗಲಿಕ್ಕಿಲ್ಲ, ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ಮಗಳ ಪುಸ್ತಕ ಕೊಟ್ಟು ಬಿಡುತ್ತಿದ್ದೇನೆ ಎಂದು ಪರದೇಶದ ಮನುಷ್ಯನಿಗೆ ಬರೆಯಲು ಮಾತ್ರ ಅವನಿಗೆ ನಾಚಿಕೆಯಾಯಿತು. 'ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು, ಯಾರದೆಂದು ಗೊತ್ತಿಲ್ಲ' ಎಂದು ಬರೆದ. ಹಾಗೆ ಬರೆದ ಮೇಲೆ ಹೆಸರಿದ್ದ ಹಾಳೆ ಒಳಗಿರುವಂತಿಲ್ಲ. ನವೆಂಬರಿನ ಒಂದು ಮಧ್ಯಾಹ್ನ, ಸಿಸಿಲಿಯಾ ಡ್ಯೂಟಿಯಲ್ಲಿ, ಮೈರಾ ಶಾಲೆಯಲ್ಲಿ, ಎರಡು ವಾರದ ಹಿಂದೆ ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿ ಒಳಗೆ ಮಲಗಿದ್ದಾಗ, ಬ್ಲೇಡಿನಿಂದ ಆ ಹಾಳೆ ಬಿಡಿಸಿದ. ಹರಿದು ಚೂರು ಮಾಡಲು ಕೈ ಬರಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಕಟ್ಟಿಟ್ಟ ಹಳೆ ಪೇಪರುಗಳ ನಡುವೆ ತುರುಕಿದ. ಪುಸ್ತಕವನ್ನು ಪ್ಯಾಕ್ ಮಾಡಿ, ಕಂಪೆನಿಯ ಟಪಾಲು ಒಯ್ಯುವ ಡ್ರೈವರ್ ಉಳ್ಳಾಲದ ಅಬ್ಬಾಸನ ಕೈಗೆ ಕೊಟ್ಟ.

ಡಿಸೆಂಬರ್ ಹದಿನೇಳಕ್ಕೆ ಏಸಿ ಬಂದ್ ಆಯಿತು. ಅವತ್ತು ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗಲೇ ಜಗಳ ಶುರು.

"ಈ ವರ್ಷ ಕತೆಗಿತೆ ಬೇಡ" ಎಂದಳು ಸಿಸಿಲಿಯಾ. "ಮಾರ್ಚಿನಲ್ಲಿ ಪರೀಕ್ಷೆ."

"ಮಮ್ಮಿ, ಹಾಫ್ ಅವರ್! ಮಾಂಯ್ ಕೂಡ ಇದ್ದಾರೆ. ಅವರು ಒಮ್ಮೆ ಸಹ ಕೇಳಿಲ್ಲ."

"ಮಮ್ಮಿ ಹೇಳುದು ಸರಿ" ಎಂದ ಕಜೆತಾನ್.

ಸಿಸಿಲಿಯಾ ಚಮಚ ಕೆಳಗಿಟ್ಟಳು. ಹದಿನೇಳು ವರ್ಷದ ಸಂಸಾರದಲ್ಲಿ ಪುಸ್ತಕದ ವಿಷಯದಲ್ಲಿ ಅವನು ಅವಳ ಮಾತು ಒಪ್ಪಿದ್ದು ಅದೇ ಮೊದಲು. "ಹುಷಾರಿದ್ದೀರಾ ಮಾರಾಯ್ರೆ?" ಎಂದಳು.

"ನನಗೆ ಕೇಳ್ಬೇಕು" ಎಂದರು ಅಪೊಲಿನ್ ಬಾಯಿ. "ಇವಳು ಬರೆದದ್ದು ಇವಳೇ ಓದಿ ಹೇಳಲಿ. ನಾನು ಕಲಿಸಿದ ಅಕ್ಷರ ಹೇಗುಂಟು ನೋಡುವ."

ಮೈರಾ ಕುಣಿದು ಎದ್ದು ತನ್ನ ಮೇಜಿನ ಕೆಳಗಿನ ಖಾನೆ ಎಳೆದಳು. ಅಲ್ಲಿ ಪುಸ್ತಕ ಇರಲಿಲ್ಲ. ಹಾಸಿಗೆಯ ಕೆಳಗೆ ಇಲ್ಲ, ಸೂಟ್‌ಕೇಸಿನಲ್ಲಿ ಇಲ್ಲ. ಸಂಜೆ ಶಾಲೆಯಿಂದ ಬಂದವಳು ಯೂನಿಫಾರ್ಮ್ ಬದಲಿಸದೆ ಇಡೀ ಮನೆ ಬುಡಮೇಲು ಮಾಡಿದಳು. ಅಡುಗೆಮನೆಯಲ್ಲಿ ಸಿಸಿಲಿಯಾ ಹಮೂರ್ ಮೀನು ಕಾಯಿಸಲು ಎಣ್ಣೆ ಡಬ್ಬ ಎಳೆದಾಗ ಕೆಳಗೆ ಹಾಸಿದ್ದ ಕಾಗದವೂ ಬಂತು.

"ಮೈರಾ, ಇಲ್ಲಿ ಬಾ. ಇದು ನಿನ್ನ ಅಕ್ಷರ ಅಲ್ವಾ?"

ಎಣ್ಣೆಯಲ್ಲಿ ನೆನೆದು ಆಚೆ ಬದಿ ಕಾಣುವಷ್ಟು ಪಾರದರ್ಶಕವಾಗಿತ್ತು ಹಾಳೆ. 'ಮೈರಾ ಬರೆದದ್ದು.'

"ನನ್ನ ಫಸ್ಟ್ ಪೇಜ್" ಎಂದಳು ಮೈರಾ. "ಯಾರು ಹಾಕಿದ್ದು ಇಲ್ಲಿ?"

ಶೆಲ್ಫಿಗೆಲ್ಲ ಹೊಸ ಪೇಪರ್ ಹಾಸಿದ್ದು ಅಪೊಲಿನ್ ಬಾಯಿ. ಬಂದ ಮೂರನೇ ವಾರವೇ ಸೊಸೆಯ ಅಡುಗೆಮನೆ ತೊಳೆದು ಲಕಲಕ ಮಾಡಿದ್ದರು. ಮೀನಿನ ಕಸವನ್ನು ಪೇಪರಿನಲ್ಲಿ ಸುತ್ತಿ ಕಟ್ಟಿ ಬಿಸಾಡುವುದೂ ಅವರೇ.

"ನಾನು" ಎಂದರು. "ಆ ಕಟ್ಟಿನಿಂದ ತೆಗೆದು ಹಾಸಿದ್ದು. ಎಂತ ಆಯ್ತು ಬಾಯೆ?"

"ಬಾಕಿ ಎಲ್ಲಿ ಮಾಂಯ್?"

"ಬಾಕಿ ಎಂತದು?"

"ಪುಸ್ತಕ! ಎಂಟು ವರ್ಷ ಬರೆದ ಪುಸ್ತಕ. ದಪ್ಪದ್ದು, ಕೆಂಪು ರಟ್ಟಿನದು."

"ಪುಸ್ತಕ ನಾನು ನೋಡ್ಲೇ ಇಲ್ಲ ಬಾಯೆ. ಇದೊಂದು ಹಾಳೆ ಇತ್ತು, ಪೇಪರಿನ ಮಧ್ಯ."

"ಒಂದು ಹಾಳೆ ಮಾತ್ರ ಹೇಗೆ ಬರ್ತದೆ ಮಾಂಯ್?" ಎಂದಳು ಸಿಸಿಲಿಯಾ. ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಆಯಾಸ. ದಿನವಿಡೀ ಡ್ಯೂಟಿ ಮಾಡಿ ಬಂದವಳು. "ಕನ್ನಡಕ ಹಾಕದೆ ಕೆಲಸ ಮಾಡ್ಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ. ಪ್ರತಿ ದಿನ ಮೀನಿನ ಕಸ ಸುತ್ತಿ ಸುತ್ತಿ ಬಿಸಾಡಿದ್ದು ಯಾವ ಪೇಪರಿನಲ್ಲಿ?"

ಆಗಲೇ ಕಜೆತಾನ್ ಆಫೀಸಿನಿಂದ ಬಂದ. ಕೈಯಲ್ಲಿ ಖುಬೂಸ್ ರೊಟ್ಟಿಯ ಪೊಟ್ಟಣ. ಮೂವರೂ ಅವನ ಕಡೆ ತಿರುಗಿದರು. ಮೈರಾ ಎಣ್ಣೆ ಹಾಳೆ ಎತ್ತಿ ಹಿಡಿದಳು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಇನ್ನೊಂದು ಸಿಗುವಂತಿರಲಿಲ್ಲ. ಅವನು ಹಾಳೆ ನೋಡಿದ, ತಾಯಿಯನ್ನು ನೋಡಿದ, ಖುಬೂಸನ್ನು ಮೇಜಿನ ಮೇಲಿಟ್ಟ.

"ಕಜೆ, ನಾನು ಪುಸ್ತಕ ಹರಿಯುವವಳಾ ಪುತಾ?" ಎಂದರು ಅಪೊಲಿನ್ ಬಾಯಿ.

"ವಯಸ್ಸಾಯ್ತಲ್ಲ ಮಾಂಯ್. ಗೊತ್ತಾಗದೆ ಆಗಿರ್ಬೇಕು" ಎಂದ ಮಗ. "ಇರಲಿ ಬಿಡಿ. ಊಟ ಮಾಡುವ."

ತಾಯಿಗೆ ಇಷ್ಟು ಮೆತ್ತಗೆ ದ್ರೋಹ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಜೋರು ಮಾಡಿದ್ದರೆ ಅವರು ಜಗಳವಾಡುತ್ತಿದ್ದರು, ಆಣೆ ಹಾಕುತ್ತಿದ್ದರು. ಮಗ ಕ್ಷಮಿಸಿದ ಮೇಲೆ ಎಂತ ಹೇಳುವುದು? ಅಪೊಲಿನ್ ಬಾಯಿ ಊಟಕ್ಕೆ ತಟ್ಟೆ ಇಟ್ಟರು. ಮೈರಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನ ಮೀನು ಮೂವರೇ ತಿಂದರು.

ಮೈರಾ ಅಜ್ಜಿಯ ಹತ್ತಿರ ಮಾತು ಬಿಟ್ಟಳು. ಕೇಳಿದ್ದಕ್ಕೆ 'ಹೂಂ', 'ಬೇಡ', ಅಷ್ಟೇ. ಅಪೊಲಿನ್ ಬಾಯಿ ಕ್ರಿಸ್ಮಸ್ಸಿಗೆ ನೆವ್ರಿ, ಚಕ್ಕುಲಿ, ಕಲ್ಕಲ್ ಮಾಡಿ ತಟ್ಟೆ ತುಂಬಿ ಮೇಜಿನ ಮೇಲಿಟ್ಟರೆ ಅವಳು ತಟ್ಟೆಯನ್ನು ಬದಿಗೆ ಸರಿಸಿ ಗಣಿತದ ಪುಸ್ತಕ ಬಿಚ್ಚುತ್ತಿದ್ದಳು.

"ಒಂದು ನೆವ್ರಿ ತಿನ್ನು ಬಾಯೆ. ನಿನಗೆ ಅಂತ ಎಳ್ಳು ಹಾಕಿ ಮಾಡಿದ್ದು."

"ಬೇಡ ಮಾಂಯ್."

"ಆ ಪುಸ್ತಕದಲ್ಲಿ ಎಂತೆಲ್ಲ ಇತ್ತು? ಹೇಳು ನನಗೆ. ನೆನಪು ಮಾಡ್ಲಿಕ್ಕೆ ನೋಡ್ತೇನೆ."

"ನೆನಪು ಮಾಡಿ ಎಂತ ಮಾಡ್ತೀರಿ?"

ಆದರೂ ಅವರು ನೆನಪು ಮಾಡಲು ಕೂತರು. ಎಪ್ಪತ್ತೆರಡು ವರ್ಷದ ತಲೆ. ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳುವಾಗ ತಾನೊಬ್ಬಳೇ ಸರಿ ಎಂದು ಎಷ್ಟು ದಿನ ಹಟ ಹಿಡಿಯಬಹುದು? ಮೊದಲ ವಾರ 'ನಾನು ನೋಡ್ಲೇ ಇಲ್ಲ' ಎನ್ನುತ್ತಿದ್ದರು. ಎರಡನೇ ವಾರ ಸಣ್ಣಗೆ, "ಕೆಂಪು ರಟ್ಟಿನದು ಒಂದು ಎಂತದೋ ಇತ್ತು ಕಾಣ್ತದೆ" ಎಂದರು. ಹೊಸ ವರ್ಷದ ದಿನ ಸೊಸೆಯ ಜೊತೆ ಕಾಯಿ ತುರಿಯುತ್ತಿದ್ದವರು ತುರಿಯುವುದನ್ನು ನಿಲ್ಲಿಸಿದರು.

"ಸಿಸಿಲಿಯಾ, ಬಣ್ಣದ ಚಿತ್ರ ಇತ್ತು ಅಲ್ವಾ ಅದರಲ್ಲಿ? ಬಾತುಕೋಳಿಯದ್ದು?"

"ಹೌದು. ಯಾಕೆ?"

"ನಾನೇ ಮಗಾ. ಬೂತಾಯಿ ಮೀನಿನ ತಲೆ ಸುತ್ತಿದ್ದು ಅದರಲ್ಲೇ. ಈಗ ಸರಿ ಕಣ್ಣಿಗೆ ಕಟ್ಟುತ್ತದೆ."

ಬಾತುಕೋಳಿಯ ಚಿತ್ರದ ವಿಷಯ ಮೈರಾ ಅಳುತ್ತ ಹೇಳಿದ್ದು ಆ ಮನೆಯಲ್ಲಿ ಎಲ್ಲರೂ ಕೇಳಿದ್ದರು. ಸಿಸಿಲಿಯಾಳಿಗೆ ಅದು ಹೊಳೆಯಲಿಲ್ಲ. ಅತ್ತೆ ಕೊನೆಗೂ ಒಪ್ಪಿಕೊಂಡರಲ್ಲ ಎಂದು ಅವಳ ಸಿಟ್ಟು ಇಳಿಯಿತು. ಅವತ್ತು ಸಂಜೆ ಗಂಡನಿಗೆ ಚಾ ಕೊಡುವಾಗ ಹೇಳಿದಳು, "ಮಾಂಯ್ ಒಪ್ಪಿಕೊಂಡ್ರು. ಇನ್ನು ನೀವು ಮಗಳಿಗೆ ಸ್ವಲ್ಪ ಹೇಳಿ. ಮುದುಕಿಯನ್ನು ಎಷ್ಟು ದಿನ ಹೀಗೆ ಉರಿಸುದು?"

"ಒಪ್ಪಿಕೊಂಡ್ರಾ?" ಎಂದ ಕಜೆತಾನ್.

"ಹೌದು. ಬಾಯಿ ಬಿಟ್ಟು ಹೇಳಿದ್ರು."

ಅವನು ಚಾ ಕುಡಿದ. ಸಕ್ಕರೆ ಹಾಕಲು ಮರೆತಿದ್ದಳು. ಅವನಿಗೆ ಗೊತ್ತಾಗಲಿಲ್ಲ.

ಜನವರಿ ಎರಡನೇ ವಾರ ತೊಗಟೆಯ ಪುಸ್ತಕ ಬಂತು. ರಜೆಯ ದಿನವಾದ ಶುಕ್ರವಾರ ಪೂಜೆ ಮುಗಿಸಿ ಬಂದು ಎಲ್ಲರೂ ಇಡ್ಲಿಯಂಥ ಸಣ್ಣಾ ಮತ್ತು ಕೋಳಿ ಸಾರು ಉಂಡ ಮೇಲೆ, ಕಜೆತಾನ್ ಕೈಗವಸು ಹಾಕಿಕೊಂಡು ಅದನ್ನು ಮೇಜಿನ ಮೇಲೆ ತೆರೆದ. ಹುಚ್ಚು ಎಂದರೆ ಅದೇ. ಏನಾದರೂ ಆಗಲಿ, ಯಾರಿಗಾದರೂ ತೋರಿಸದೆ ಅವನಿಗೆ ತಡೆಯಲಾಗಲಿಲ್ಲ. ಬಿಳಿ ತೊಗಟೆಯ ಮೇಲೆ ಕಪ್ಪು ಕಪ್ಪು ಗೆರೆ. ಒಳಗೆ ದೋಣಿ ನಡೆಸುವ ಹೆಂಗಸು, ಹಿಮದಲ್ಲಿ ನಿಂತ ಮೊಲ. ನಿಜವಾಗಿ ಚೆಂದದ ಪುಸ್ತಕ, ಆ ವಿಷಯದಲ್ಲಿ ಸುಳ್ಳು ಹೇಳಬಾರದು.

"ಇದಕ್ಕೆ ಎಷ್ಟು ಸುರಿದಿರಿ?" ಎಂದಳು ಸಿಸಿಲಿಯಾ.

"ಏನೂ ಇಲ್ಲ. ಬದಲಿಗೆ ಸಿಕ್ಕಿದ್ದು."

"ಯಾವುದರ ಬದಲಿಗೆ?"

"ಎರಡು ಹಳೆಯದು ಕೊಟ್ಟೆ."

ಸಿಸಿಲಿಯಾ ಕಪಾಟಿನ ಪುಸ್ತಕ ಎಣಿಸುವವಳಲ್ಲ. ಮೈರಾ ತಲೆ ಎತ್ತಿ ಸಹ ನೋಡಲಿಲ್ಲ. ತಟ್ಟೆ ತೊಳೆಯಲು ಎದ್ದಳು. ನೋಡಿದ್ದು ಅಪೊಲಿನ್ ಬಾಯಿ ಒಬ್ಬರೇ. ಕೈಯನ್ನು ಸೀರೆಯ ಸೆರಗಿನಲ್ಲಿ ಎರಡು ಸಲ ಒರೆಸಿಕೊಂಡರು, ಆದರೆ ಪುಸ್ತಕ ಮುಟ್ಟಲಿಲ್ಲ.

"ಚೆಂದ ಉಂಟು ಪುತಾ" ಎಂದರು. "ಬೇಗ ಬೀಗ ಹಾಕಿ ಇಡು. ನಾನಿದ್ದೇನಲ್ಲ ಮನೆಯಲ್ಲಿ."

ಮರುದಿನದಿಂದ ಅವರು ಊರಿನ ಮಾತು ತೆಗೆದರು. ವೀಸಾ ಇನ್ನೂ ಒಂದು ತಿಂಗಳು ಇತ್ತು. ಶಿರ್ವದಲ್ಲಿ ಅವರು ಇರುವುದು ಮಗಳು ಪ್ಯಾಟ್ರಿಷಿಯಾಳ ಮನೆಯಲ್ಲಿ. ಅಳಿಯ, ಮೂರು ಮೊಮ್ಮಕ್ಕಳು, ಎರಡು ದನ, ಗಲಾಟೆಯ ಮನೆ. ಅಲ್ಲಿ ಕೆಲಸ ಉಂಟು, ತನಗೆ ಇಲ್ಲಿನ ಗಾಳಿ ಆಗುವುದಿಲ್ಲ ಎಂದರು. ಯಾರೂ ಹೆಚ್ಚು ಒತ್ತಾಯ ಮಾಡಲಿಲ್ಲ. ಜನವರಿ ಕೊನೆಗೆ ಟಿಕೆಟ್ ಆಯಿತು. ಮೈರಾ ಶಾಲೆಯ ಪ್ರಿಪರೇಟರಿ ಪರೀಕ್ಷೆ ಎಂದು ಏರ್‌ಪೋರ್ಟಿಗೆ ಬರಲಿಲ್ಲ. ಅವಳ ಮೇಜಿನ ಮೇಲೆ ಅಪೊಲಿನ್ ಬಾಯಿ ಒಂದು ಹೊಸ ನೋಟ್ ಬುಕ್ ಇಟ್ಟು ಹೋಗಿದ್ದರು. ಕೆಳಗಿನ ಮಲಯಾಳಿಯ ಅಂಗಡಿಗೆ ಒಬ್ಬರೇ ಇಳಿದು ಹೋಗಿ, ಕೈಸನ್ನೆಯಲ್ಲಿ ಕೇಳಿ ತಂದದ್ದು. ಮೈರಾ ಅದರಲ್ಲಿ ಕೆಮಿಸ್ಟ್ರಿ ಬರೆದಳು.

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯಿತು. ಅದೇ ವಾರ ಕಜೆತಾನನಿಗೆ ಚಿಕನ್ ಪಾಕ್ಸ್ ಎದ್ದು ಮೈತುಂಬ ಗುಳ್ಳೆ. ಹತ್ತು ದಿನ ಆಫೀಸಿಲ್ಲ. ಅಬ್ಬಾಸ್ ಒಳ್ಳೆಯ ಮನುಷ್ಯ. ಸಾಹೇಬರ ಸ್ವಂತದ ಕಾಗದ ಆಫೀಸಿನಲ್ಲಿ ಬಿದ್ದಿರುವುದು ಬೇಡ ಎಂದು ಮನೆಗೇ ತಂದ.

"ಪಪ್ಪನಿಗೆ ಕೊಡಿ ಮಗಳೇ. ಕೆನಡಾದ್ದು" ಎಂದು ಬಾಗಿಲಲ್ಲೇ ಮೈರಾಳ ಕೈಗಿಟ್ಟ. "ಮೊನ್ನೆ ನವೆಂಬರಿನಲ್ಲಿ ಒಂದು ದೊಡ್ಡ ಪಾರ್ಸೆಲ್ ಹಾಕ್ಲಿಕ್ಕೆ ಕೊಟ್ಟಿದ್ರಲ್ಲ, ಅವರದ್ದೇ ಅಡ್ರೆಸ್. ಮುಟ್ಟಿತಾ ಅಂತ ಕೇಳಿ ಹೇಳಿ."

ಲಕೋಟೆ ದೊಡ್ಡದು, ತೆರೆದದ್ದು. ಥಿಯೋಡೋರನ ವಸಂತಕಾಲದ ಪಟ್ಟಿ. ಅಪ್ಪನ ಪಟ್ಟಿಗಳನ್ನು ಅವಳು ಚಿಕ್ಕಂದಿನಿಂದ ನೋಡುತ್ತ ಬಂದವಳು. ಚಿತ್ರ ನೋಡಲು ನಿಂತಲ್ಲೇ ಬಿಡಿಸಿದಳು. ನಾಲ್ಕನೇ ಪುಟದಲ್ಲಿ, ಅರ್ಧ ಪುಟದಷ್ಟು ದೊಡ್ಡದಾಗಿ, ಅವಳ ಬಾತುಕೋಳಿಗಳು ದೋಹಾದ ಕಡಲತೀರದಲ್ಲಿ ಕಣ್ಣು ಮುಚ್ಚಿ ಕುಣಿಯುತ್ತಿದ್ದವು.

ಕಜೆತಾನ್ ಊಟದ ಮೇಜಿನಲ್ಲಿ ಗಂಜಿ ಉಣ್ಣುತ್ತಿದ್ದ. ಎದುರಿಗೆ ಸಿಸಿಲಿಯಾ ಉಪ್ಪಿನಕಾಯಿ ಭರಣಿ ಹಿಡಿದು ನಿಂತಿದ್ದಳು. ಮೈರಾ ಪಟ್ಟಿಯನ್ನು ಗಂಜಿ ಬಟ್ಟಲಿನ ಪಕ್ಕ ಇಟ್ಟಳು.

"ಓದಿ ಪಪ್ಪಾ. ಮಮ್ಮಿಗೆ ಕೇಳುವ ಹಾಗೆ ಓದಿ."

ಅವನು ಓದಲಿಲ್ಲ. ಅವಳೇ ಓದಿದಳು, ಇಂಗ್ಲಿಷನ್ನು ಒಂದೊಂದೇ ಮಾತಾಗಿ ಕೊಂಕಣಿ ಮಾಡಿ. "ಒಜಿಬ್ವೇ ಕತೆಗಳ ಅಪೂರ್ವ ಕೈಬರಹ. ದೋಹಾದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ಭಾಷೆ ಗೊತ್ತಿಲ್ಲ. ಬರೆದವರು ಗೊತ್ತಿಲ್ಲ. ಬಹುಶಃ ಒಂದು ಮಗು. ಮಾರಾಟವಾಗಿದೆ."

"ಎಂತದು ಇದು?" ಎಂದಳು ಸಿಸಿಲಿಯಾ. ಚಿತ್ರ ನೋಡಿದಳು. ಭರಣಿ ಮೇಜಿನ ಮೇಲಿಟ್ಟಳು. "ಕಜೆತಾನ್, ಎಂತದು ಇದು?"

"ಪರೀಕ್ಷೆ ಮುಗಿದ ಮೇಲೆ ಹೇಳುವ ಅಂತ ಇದ್ದೆ."

"ತೊಗಟೆಯದ್ದು ಇದರ ಬದಲಿಗಾ?"

"ಹೂಂ."

"ನನ್ನ ಹೆಸರಿದ್ದ ಪೇಜ್ ಕಟ್ ಮಾಡಿದ್ದು ನೀವಾ?"

"ಹೂಂ."

"ಮಾಂಯ್ ಮಾಡಿದ್ದಲ್ಲ."

ಅವನು ಬಟ್ಟಲು ನೋಡುತ್ತ ಕೂತ. ಸಿಸಿಲಿಯಾ ಕುರ್ಚಿ ಎಳೆದು ಕೂತಳು. "ಆ ಮುದುಕಿಗೆ ನಾನು ಎಂತೆಲ್ಲ ಹೇಳಿದೆ ದೇವರೇ. ಕುರುಡಿಯ ಹಾಗೆ ಕೆಲಸ ಮಾಡ್ತೀರಿ ಅಂತ ಹೇಳಿದೆ. ನೀವು ಇಷ್ಟು ದಿನ ಮನೆಯಲ್ಲೇ ಇದ್ರಿ. ಬಾಯಲ್ಲಿ ಎಂತ ಇಟ್ಟುಕೊಂಡಿದ್ರಿ?"

"ನಾನು ವಾಪಸು ತರಿಸ್ತೇನೆ. ಇವತ್ತೇ ಬರೀತೇನೆ ಥಿಯೋಡೋರನಿಗೆ. ತೊಗಟೆಯದ್ದು ವಾಪಸು ಕಳಿಸ್ತೇನೆ."

"ಮಾರಿ ಆಗಿದೆ ಪಪ್ಪಾ. ಓದಿ ಹೇಳಿದೆನಲ್ಲ." ಮೈರಾ ಅಳಲಿಲ್ಲ. ಎಂಟು ಚಳಿಗಾಲ ಒಂದೇ ಸೋಫಾದಲ್ಲಿ ಅವನಿಗೆ ಒರಗಿ ಕೂತವಳು ಈಗ ಮೇಜಿನ ಆಚೆ ಬದಿಯಲ್ಲಿ ನಿಂತಿದ್ದಳು. "ನಿಮಗೆ ಬೇಕು ಅಂತ ಕೇಳಿದ್ದರೆ ನಾನು ಕೊಡ್ತಿದ್ದೆ. ಅದು ನಿಮಗೆ ಗೊತ್ತಿತ್ತಾ?"

ಅವನು ಮಡಚಲು ಹೋದ ಪಟ್ಟಿಯನ್ನು ಮೈರಾ ಎಳೆದುಕೊಂಡಳು.

"ನನ್ನದು ಹೋಯ್ತು, ಬಿಡಿ. ಮಾಂಯ್‌ಗೆ ಫೋನ್ ಮಾಡಿ ಹೇಳಿ. ಈಗ."

"ಈಗ ಮೈಯೆಲ್ಲ..."

"ಬಾಯಲ್ಲಿ ಗುಳ್ಳೆ ಇಲ್ಲ ನಿಮಗೆ" ಎಂದು ಸಿಸಿಲಿಯಾ ಎದ್ದು ನಂಬರು ತಿರುಗಿಸಿದಳು.

ಆಚೆ ಪ್ಯಾಟ್ರಿಷಿಯಾ ಎತ್ತಿ ತಾಯಿಯನ್ನು ಕೂಗಿ ಕರೆದಳು. ದೂರದ ಊರಿಗೆ ಕೇಳಬೇಕಾದರೆ ಕೂಗಬೇಕು ಎಂದು ನಂಬಿದವರು ಅಪೊಲಿನ್ ಬಾಯಿ. ಅವರ ಮಾತು ರಿಸೀವರಿನಿಂದ ಹೊರಗೆ ಬಂದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುತ್ತಿತ್ತು.

"ಕಜೆ! ಗುಳ್ಳೆ ಇಳೀತಾ ಪುತಾ? ಬೇವಿನ ಎಲೆ ಸಿಗ್ತದಾ ಅಲ್ಲಿ?"

"ಮಾಂಯ್, ಒಂದು ವಿಷಯ ಹೇಳ್ಬೇಕು. ಮೈರಾಳ ಪುಸ್ತಕ ನೀನು ಹಾಳು ಮಾಡಿದ್ದಲ್ಲ. ನಾನು ತೆಗೆದು ಕೆನಡಾಕ್ಕೆ ಕಳಿಸಿದ್ದು. ಆ ಹಾಳೆ ಪೇಪರಿನ ಕಟ್ಟಿಗೆ ಹಾಕಿದ್ದೂ ನಾನು."

ಅವನು ಕೊನೆಗೂ ಹೇಳಿದ. ಪೂರ್ತಿ ಹೇಳಿದ. ಅಷ್ಟರ ಮಟ್ಟಿಗೆ ಅವನನ್ನು ಒಪ್ಪಬೇಕು.

"ಯಾರು ನಿನ್ನ ಹತ್ರ ಹೀಗೆ ಹೇಳಿಸಿದ್ದು?" ಎಂದರು ಅಪೊಲಿನ್ ಬಾಯಿ.

"ಯಾರೂ ಇಲ್ಲ ಮಾಂಯ್. ನಿಜ."

"ನೀನು ಸಣ್ಣದಿರುವಾಗಲೂ ಹೀಗೇ. ಪ್ಯಾಟ್ರಿಷಿಯಾ ಗಾಜಿನ ಲೋಟ ಒಡೆದ್ರೆ 'ನಾನು' ಅಂತ ಹೇಳಿ ಪೆಟ್ಟು ತಿನ್ನುವವ. ನನಗೆ ಗೊತ್ತಿಲ್ವಾ ನನ್ನ ಮಗ?" ಅವರ ದನಿ ಒದ್ದೆಯಾಯಿತು. "ನನ್ನ ಬಗ್ಗೆ ಬೇಜಾರು ಮಾಡ್ಬೇಡ. ನಾನು ಕುಮ್ಸಾರ್ ಮಾಡಿ ಆಯ್ತು. ಇಲ್ಲಿಗೆ ಬಂದ ಮೊದಲ ಶನಿವಾರವೇ ಇಗರ್ಜಿಗೆ ಹೋಗಿ ಪಾದ್ರಿಯವರ ಹತ್ರ ಪಾಪ ಹೇಳಿಕೊಂಡೆ. ಮಗುವಿನ ಎಂಟು ವರ್ಷದ ಬರವಣಿಗೆ ಮೀನಿನ ಕಸಕ್ಕೆ ಹಾಕಿದೆ, ಕೇಳಿದ್ರೆ ಇಲ್ಲ ಅಂತ ಸುಳ್ಳೂ ಹೇಳಿದೆ ಅಂತ. ಐದು ತೇರ್ಸ್ ಹೇಳ್ಲಿಕ್ಕೆ ಹೇಳಿದ್ರು. ಹೇಳಿ ಮುಗಿಸಿದೆ. ದೇವರು ಮಾಫಿ ಮಾಡಿದ ಮೇಲೆ ನೀನು ಯಾಕೆ ಅದನ್ನು ತಲೆ ಮೇಲೆ ಎಳ್ಕೊಳ್ತಿ?"

ಮೈರಾ ಅಪ್ಪನ ಕೈಯಿಂದ ರಿಸೀವರ್ ಕಿತ್ತುಕೊಂಡಳು. "ಮಾಂಯ್, ನಾನು ಮೈರಾ. ಪಪ್ಪಾ ಹೇಳಿದ್ದು ನಿಜ. ನನ್ನ ಹತ್ರ ಪ್ರೂಫ್ ಉಂಟು. ನನ್ನ ಡ್ರಾಯಿಂಗ್ ಪ್ರಿಂಟ್ ಆಗಿ ಬಂದಿದೆ. ನೀವು ಎಂತದೂ ಮಾಡ್ಲಿಲ್ಲ. ನಾನು ನಿಮ್ಮ ಹತ್ರ ಮಾತಾಡ್ಲಿಲ್ಲ ಅಲ್ವಾ, ಅದು ನನ್ನ ತಪ್ಪು. ಸಾರಿ ಮಾಂಯ್."

"ಅಯ್ಯೋ ಬಾಯೆ, ನೀನು ನನ್ನ ಹತ್ರ ಮಾತಾಡಿದಿ!" ಆಚೆ ಅಪೊಲಿನ್ ಬಾಯಿ ಅಳುತ್ತಲೇ ನಕ್ಕರು. "ಪಪ್ಪಾ ಹೇಳಿಕೊಟ್ಟನಾ ಹೀಗೆ ಹೇಳ್ಲಿಕ್ಕೆ? ಒಳ್ಳೆಯವ ಅವ. ಅವನ ಹಾಗೆ ಆಗು ಮಗಾ."

ಮೈರಾ ರಿಸೀವರನ್ನು ಕೆಳಗಿಟ್ಟಳು.

"ಎಂತ ಹೇಳಿದ್ರು?" ಎಂದ ಕಜೆತಾನ್. ಕೇಳಿಸಿತ್ತು. ಆದರೂ ಕೇಳಿದ.

"ಮುಂದಿನ ಶುಕ್ರವಾರ ಪುನಃ ಮಾಡಿ" ಎಂದಳು ಮೈರಾ. "ಅವರು ನಂಬುವವರೆಗೆ ಮಾಡಿ."

ಅವನು ಮಾಡಿದ. ಗುಳ್ಳೆ ಒಣಗಿ ಕಪ್ಪು ಕಲೆಯಾದವು. ಶುಕ್ರವಾರ ಪೂಜೆಯಿಂದ ಬಂದು ಸಿಸಿಲಿಯಾ ನಂಬರು ತಿರುಗಿಸುವುದು, ಅವನು ಅದೇ ಮಾತು ಹೇಳುವುದು, ಪಕ್ಕದಲ್ಲಿ ಮೈರಾ ನಿಲ್ಲುವುದು. ಆಚೆಯಿಂದ 'ಆಯ್ತು ಆಯ್ತು, ಊಟಕ್ಕೆ ಎಂತ ಮಾಡಿದ್ದೀರಿ' ಎಂಬ ಉತ್ತರ. ಹನ್ನೆರಡು ವರ್ಷದಿಂದ ಹಬ್ಬಕ್ಕೆ ಒಂದು ಫೋನ್ ಮಾಡುತ್ತಿದ್ದ ಮಗ ಈಗ ವಾರ ವಾರ ಮಾಡುತ್ತಾನೆ ಎಂದು ಅಪೊಲಿನ್ ಬಾಯಿ ಇಗರ್ಜಿಯ ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಎರಡು ಮನೆಯವರು ಅವರನ್ನು ಕೇಳಿದರಂತೆ.

ನಾಲ್ಕನೇ ಶುಕ್ರವಾರ ನಂಬರು ಅವನೇ ತಿರುಗಿಸಿದ. ಫೋನ್ ಎತ್ತಿದ ಪ್ಯಾಟ್ರಿಷಿಯಾ ತಾಯಿಯನ್ನು ಕರೆಯಲಿಲ್ಲ. ಅವಳದು ಸಣ್ಣ ದನಿ. ಮನೆಯಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಕಜೆತಾನ್ 'ಹೂಂ', 'ಹೌದಾ', 'ಸರಿ' ಎನ್ನುತ್ತ ಕೇಳಿ ಫೋನ್ ಇಟ್ಟ. ಸಿಸಿಲಿಯಾ ಅಡುಗೆಮನೆಯಿಂದ, ಮೈರಾ ತನ್ನ ಕೋಣೆಯ ಬಾಗಿಲಿನಿಂದ ನೋಡಿದರು.

"ಪ್ಯಾಟ್ರಿಷಿಯಾ ಹೇಳಿದಳು" ಎಂದ. "ನಾನು ಪ್ರತಿ ಸಲ ಆ ಮಾತು ಎತ್ತಿದ ಮೇಲೆ ಮಾಂಯ್ ಕೂತು ಅಳ್ತಾರಂತೆ. ತನ್ನ ಪಾಪವನ್ನು ಮಗ ಹೊರ್ತಿದ್ದಾನಲ್ಲ ಅಂತ. ಮೊನ್ನೆ ಪುನಃ ಕುಮ್ಸಾರಿಗೆ ಹೋದರಂತೆ. ಇನ್ನು ಆ ವಿಷಯ ಎತ್ತಲೇಬಾರದಂತೆ."

ಅವನು ದುಃಖದಿಂದಲೇ ಹೇಳಿದ. ಅದರಲ್ಲಿ ನಟನೆ ಇರಲಿಲ್ಲ. ಆದರೆ ಹೇಳಿ ಮುಗಿಸಿದಾಗ ಅವನ ಎರಡೂ ಭುಜ ಸ್ವಲ್ಪ ಕೆಳಗಿಳಿದವು, ನಾಲ್ಕು ವಾರದ ನಂತರ ಮೊದಲ ಸಲ. ಮೈರಾ ಅದನ್ನು ನೋಡಿದಳು.

"ನಿಮಗೆ ಒಳ್ಳೆದೇ ಆಯ್ತು ಅಲ್ವಾ ಪಪ್ಪಾ" ಎಂದಳು.

ಅವನು ಬಾಯಿ ತೆರೆಯುವ ಮುಂಚೆ ಅವಳು ಅಡುಗೆಮನೆಗೆ ಹೋಗಿ, ತಾಯಿಯ ಕೈಯಿಂದ ಚೂರಿ ತೆಗೆದುಕೊಂಡು, ಮೀನಿನ ಚಿಪ್ಪು ತೆಗೆಯಲು ಕೂತಳು.